ದ್ವಿದಳದ ತಿಂಗಳಲ್ಲಿ ಒಂದು ಮುಷ್ಟಿ ಘೇವಡಾ

ಬಾಣಂತಿಯನ್ನು ನೋಡಲು ಹೋದ ಕಡೆ ಎಲ್ಲರೂ ಕೂಸಿನ ಮೂಗು ಅಪ್ಪನದೋ ಅಜ್ಜನದೋ ಎಂದು ವಾದಿಸುತ್ತಿರುತ್ತಾರೆ. ನಾನು ಮಾತ್ರ ತಾಯಿಯ ಹತ್ತಿರ ಕೂತು, ನಾಲಗೆ ತೋರಿಸು ಎನ್ನುತ್ತೇನೆ. ಹುಡುಗಿಯರು ನಗುತ್ತಾರೆ. ಅವರ ಅತ್ತೆಯರಿಗೆ ಸಿಟ್ಟು ಬರುತ್ತದೆ, ಇವಳ್ಯಾವ ಊರಿನ ವೈದ್ಯಳು ಎಂದು. ನಾನು ವೈದ್ಯಳಲ್ಲ. ನನ್ನ ನಾಲಗೆ ಒಮ್ಮೆ ಸಿಪ್ಪೆ ಸುಲಿದ ಹಣ್ಣಿನಂತಾಗಿ, ಅದರ ಹಿಂದೆಯೇ ಜೀವವೂ ಹೋಗುವುದರಲ್ಲಿತ್ತು. ಅಷ್ಟೇ ನನ್ನ ವಿದ್ಯೆ. ಇದನ್ನು ಓದುವವರಲ್ಲಿ ಯಾರಾದರೂ ಹೊಸ ಬಾಣಂತಿ ಇದ್ದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ಹೇಳಿಕೊಳ್ಳಲು ನಾಚಿಕೆ ಎಂದು ಸುಮ್ಮನಿದ್ದರೆ, ಅವಳಿಗಾಗಿ ಬರೆಯುತ್ತಿದ್ದೇನೆ. ನಾಚಿಕೆ ಬಿಟ್ಟು ಯಾರಿಗಾದರೂ ಹೇಳು ತಾಯಿ.

ನಮ್ಮದು ಸವಣೂರು. ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು. ನಮ್ಮ ಮನೆಯವರು ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮಾವನವರು ದೊಡ್ಡ ಪಂಡಿತರು; ಏಕಾದಶಿ ಇವತ್ತೋ ನಾಳೆಯೋ, ಶ್ರಾದ್ಧ ಯಾವ ತಿಥಿಗೆ ಎಂದು ಕೇಳಲು ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಜನ ಅವರ ಹತ್ತಿರ ಬರುತ್ತಿದ್ದರು. ಅತ್ತೆಯವರು ನಾನು ಆ ಮನೆ ಸೇರುವ ಮೊದಲೇ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವಳು ಮಾವನವರ ಅಕ್ಕ ಭೀಮಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಮ್ಮನನ್ನು ಬೆಳೆಸಿದಳು, ತಮ್ಮನ ಮಗನನ್ನು ಬೆಳೆಸಿದಳು, ಈಗ ನನ್ನನ್ನು ಬೆಳೆಸಲು ಹೊರಟಿದ್ದಳು. ಬೋಳು ತಲೆ, ಕೆಂಪು ಸೀರೆ, ದಿನಕ್ಕೆ ಒಪ್ಪತ್ತು ಊಟ, ಬೆಳಗಿನಿಂದ ಊಟದ ತನಕ ಯಾರನ್ನೂ ಮುಟ್ಟದ ಮಡಿ. ಊರಿಗೆಲ್ಲ ಆಚಾರ್ಯರಾದ ಮಾವನವರನ್ನು 'ರಾಘೂ' ಎಂದು ಕರೆಯುತ್ತಿದ್ದ ಒಂದೇ ಜೀವ ಅದು. ಎದುರಿಗೆ ನಾನು ಆಕೆಗೆ 'ನೀವು' ಎನ್ನುತ್ತಿದ್ದೆ. ಬರೆಯಲು ಕೂತರೆ ತಾಯಿಯ ಬಗ್ಗೆ ಬರೆದ ಹಾಗೆ ಏಕವಚನವೇ ಬರುತ್ತದೆ. ಬರಲಿ ಬಿಡಿ.

ನಮ್ಮ ಮನೆಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಚಾತುರ್ಮಾಸದ ವ್ರತ. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ. ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ. ನಾಲ್ಕನೆಯದು ದ್ವಿದಳದ ತಿಂಗಳು: ಎರಡಾಗಿ ಸೀಳುವ ಯಾವ ಕಾಳೂ ಇಲ್ಲ, ಬೇಳೆ ಇಲ್ಲ, ಬಹಳ ಬೀಜ ಇರುವ ಕಾಯಿಯೂ ಇಲ್ಲ. ಆ ವರ್ಷ ಚಾತುರ್ಮಾಸ ಶುರುವಾದಾಗ ನಾನು ತುಂಬಿದ ಬಸುರಿ. ಬಸುರಿಗೆ ಈ ಕಟ್ಟು ಇಲ್ಲ ಎಂದು ಮಾವನವರೇ ಹೇಳಿದ್ದರು. ಆದರೆ ಮನೆಯಲ್ಲಿ ಒಲೆ ಒಂದು, ಅಡಿಗೆ ಒಂದು. ಎಲ್ಲರಿಗೂ ಬಡಿಸಿದ್ದೇ ನನಗೂ. ಬಸುರಿಯಾಗಿದ್ದೂ ವ್ರತ ಬಿಡಲಿಲ್ಲ ಎನ್ನಿಸಿಕೊಳ್ಳುವ ಆಸೆ ನನಗೂ ಇತ್ತು, ಇಲ್ಲ ಎನ್ನುವುದಿಲ್ಲ.

ಕೂಸು ಭಾದ್ರಪದದಲ್ಲಿ ಹುಟ್ಟಿತು. ಗಂಡು ಕೂಸು, ದೊಡ್ಡ ದನಿ. ನನಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಭೀಮಕ್ಕನೇ ಮಾಡಿದಳು. ಎಣ್ಣೆ ತಿಕ್ಕುವುದು, ನೀರು ಹಾಕುವುದು, ಹೊಗೆ ಕೊಡುವುದು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಊಟಕ್ಕೆ ಮಾತ್ರ ಅನ್ನ, ತುಪ್ಪ, ಮೆಣಸಿನ ಸಾರು. ಸೊಪ್ಪು ತಂಪು, ಕೂಸಿಗೆ ನೆಗಡಿ ಆಗುತ್ತದೆ. ಕಾಯಿಪಲ್ಲೆ ವಾಯು. ಹೆಚ್ಚು ನೀರು ಕುಡಿದರೆ ಹೊಟ್ಟೆ ಜೋತುಬೀಳುತ್ತದೆ. ಇದೆಲ್ಲ ಪ್ರೀತಿಯಿಂದಲೇ ನಡೆದದ್ದು, ಆ ಬಗ್ಗೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ.

ಮೊದಲು ಕೆಟ್ಟದ್ದು ನಾಲಗೆ. ಮೆಣಸಿನ ಸಾರು ಬಾಯಿಗಿಟ್ಟರೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಆಮೇಲೆ ಕಾಲು ಊದಿಕೊಂಡವು, ಕಾಲುಂಗುರ ಬೆರಳಿನಲ್ಲಿ ಹೂತುಹೋಯಿತು. ಹಿತ್ತಲಿಗೆ ಹೋಗಿ ಬಂದರೆ ಕಿವಿಯಲ್ಲಿ ಗಿರಣಿ ಓಡಿದ ಸದ್ದು. ಕೂಸನ್ನು ಎತ್ತಿಕೊಂಡರೆ ಕೈ ನಡುಗುತ್ತಿತ್ತು. ಎಲ್ಲಿ ಬೀಳಿಸುತ್ತೇನೋ ಎಂದು ಮಗ್ಗುಲಲ್ಲಿ ಮಲಗಿಸಿಕೊಂಡೇ ಹಾಲು ಕೊಡುತ್ತಿದ್ದೆ. ನೋಡಲು ಬಂದ ಹೆಂಗಸರು, ಎಷ್ಟು ಬೆಳ್ಳಗಾಗಿದ್ದಾಳೆ, ಬಾಣಂತನದ ಕಳೆ ಅಂದರೆ ಇದು ಎಂದು ಹೊಗಳಿ ಹೋದರು. ನಾನು ಕರ್ರಗಿನ ಹುಡುಗಿ. ಆ ಬಿಳುಪಿಗೆ ಒಳಗೊಳಗೇ ಖುಷಿಪಟ್ಟೆ. ಒಂದು ದಿನ ಬಚ್ಚಲಿನ ಬಾಗಿಲಲ್ಲಿ ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರವಾದಾಗ ನನ್ನ ತಲೆ ಭೀಮಕ್ಕನ ತೊಡೆಯ ಮೇಲಿತ್ತು. ಇನ್ನೂ ದೇವರ ನೈವೇದ್ಯ ಆಗಿರಲಿಲ್ಲ, ಆಕೆ ಮಡಿಯಲ್ಲಿದ್ದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಭೀಮಕ್ಕ ಮಡಿ ಬಿಟ್ಟು ನನ್ನನ್ನು ಮುಟ್ಟಿದ್ದಾಳೆ ಎಂದರೆ ನಾನು ಸಾಯುತ್ತಿರಬೇಕು ಎಂದುಕೊಂಡೆ.

ಊರ ವೈದ್ಯರು ಪಾಂಡುರೋಗ ಎಂದರು. ಇದು ತಮ್ಮ ಕೈ ಮೀರಿದೆ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂದು ಅವರೇ ಹೇಳಿದ್ದು ದೊಡ್ಡ ಉಪಕಾರ. ದಸರೆ ಮುಗಿದು ದ್ವಿದಳದ ತಿಂಗಳು ಹಿಡಿದಿತ್ತು. ಗಾಡಿ ಕಟ್ಟಿಸಿ ಯಲವಿಗಿಗೆ ಹೋಗಿ ರೈಲು ಹತ್ತಿದೆವು: ನಮ್ಮ ಮನೆಯವರು, ಭೀಮಕ್ಕ, ನಾನು, ಕೂಸು. ರೈಲಿನ ತುಂಬ ಸಿಪಾಯಿಗಳು. ಭೀಮಕ್ಕ ಒಂದು ಗುಟುಕು ನೀರೂ ಮುಟ್ಟದೆ ಮೂಲೆಯಲ್ಲಿ ಕೂತಿದ್ದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಉದ್ದನೆಯ ಬೆಂಚು. ಯಾರ ಪಕ್ಕದಲ್ಲಿ ಯಾರು ಕೂಡಬೇಕು ಎನ್ನುವುದು ಆ ಬೆಂಚಿಗೆ ಗೊತ್ತಿರಲಿಲ್ಲ. ಭೀಮಕ್ಕ ಕೂಡಲಿಲ್ಲ, ರೈಲಿನ ಓಲಾಟ ಇನ್ನೂ ತಲೆಯಿಂದ ಇಳಿದಿಲ್ಲ ಎಂದು ಕಂಬ ಹಿಡಿದು ನಿಂತಳು. ಇವರು ಚೀಟಿ ಮಾಡಿಸಲು ಹೋಗಿದ್ದರು. ಅಷ್ಟರಲ್ಲಿ ಕೂಸು ಅಳತೊಡಗಿತು. ನನ್ನ ತೋಳಿನಲ್ಲಿ ಅದನ್ನು ಆಡಿಸುವ ಶಕ್ತಿ ಇರಲಿಲ್ಲ. ಪಕ್ಕದಲ್ಲಿ ಬುರ್ಕಾ ಹಾಕಿದ್ದ ಹೆಂಗಸೊಬ್ಬಳು ಮುಖದ ಪರದೆ ಎತ್ತಿ, "ನೀವು ಸವಣೂರವ್ರ ಅಲ್ಲೇನ್ರಿ? ನಾನೂ ಅಲ್ಲಿಯಾಕೀನ. ಕೊಡ್ರಿ ಇಲ್ಲೆ, ನಾ ಆಡಸ್ತೇನಿ" ಎಂದಳು. ಕೂಸು ಅವಳ ಬಳೆ ಹಿಡಿದುಕೊಂಡು ಸುಮ್ಮನಾಯಿತು. ನಾನು ಭೀಮಕ್ಕನ ಮುಖ ನೋಡಿದೆ. ಆಕೆ ಒಂದು ಗಳಿಗೆ ಆ ಕಡೆ ನೋಡಿ, ಹೇಗಿದ್ದರೂ ಮನೆಗೆ ಹೋಗಿ ಸ್ನಾನ ಮಾಡುವುದಿದೆಯಲ್ಲ ಎಂದು, ತಾನೇ ಬಗ್ಗಿ ಕೂಸಿನ ಕುಲಾಯಿ ಸರಿಮಾಡಿದಳು. ನಮ್ಮ ಸರದಿ ಬರುವವರೆಗೂ ಕೂಸು ಅಲ್ಲೇ ನಿದ್ದೆ ಮಾಡಿತು. ನಾನು ಕಾಯಿಲೆ ಬಿದ್ದ ಮೇಲೆ ಅಷ್ಟು ಹೊತ್ತು ನಿಶ್ಚಿಂತೆಯಿಂದ ಕೂತದ್ದು ಅದೇ ಮೊದಲು.

ನೋಡಿದವರು ಪುಣೆ ಕಡೆಯ ಹೆಂಗಸು, ಎಲ್ಲರೂ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಕಣ್ಣಿನ ರೆಪ್ಪೆ ಇಳಿಸಿ ನೋಡಿದರು, ನಾಲಗೆ ನೋಡಿದರು, ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡು ಒಳಗೆ ಹೋದರು. ಹೊರಗೆ ಬಂದು, ಇಷ್ಟು ಕಡಿಮೆ ರಕ್ತದಲ್ಲಿ ಇವಳು ನಡೆದು ಬಂದದ್ದೇ ಹೆಚ್ಚು ಎಂದರು. ಕುರಿಯ ಯಕೃತ್ತಿನ ಸಾರದ ಸೂಜಿ ಸಿಕ್ಕರೆ ಬೇಗ ಗುಣವಾಗುತ್ತದೆ ಎಂದು ಮಾತು ಶುರುಮಾಡಿ, ಭೀಮಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡದ್ದನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಹಾಗಾದರೆ ಊಟದಲ್ಲಿಯೇ ಗುಣಮಾಡಬೇಕು ಎಂದರು. ತಾಜಾ ಟಮಾಟಿ, ಸೊಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಕಾಳು. ಸಾತಾರಾ ಕಡೆಯಿಂದ ಘೇವಡಾ ಎಂಬ ಕೆಂಪು ದಪ್ಪ ಕಾಳು ಬರುತ್ತದೆ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹಿಸುಕಿದರೆ ಹಿಟ್ಟಾಗುವಷ್ಟು ಕುದಿಸಿ ದಿನಾ ಒಂದು ದೊಡ್ಡ ಮುಷ್ಟಿ ತಿನ್ನಬೇಕು ಎಂದರು.

ಟಮಾಟಿ ಆಗ ನಮ್ಮ ಮನೆಗಳಲ್ಲಿ ಹೆಸರೆತ್ತುವ ವಸ್ತುವಾಗಿರಲಿಲ್ಲ. ಕೊಯ್ದರೆ ಮಾಂಸದ ಹಾಗೆ ಕಾಣುತ್ತದೆ ಎಂದು ಹಿರಿಯರು ಮುಟ್ಟುತ್ತಿರಲಿಲ್ಲ. ಶಿಗ್ಗಾಂವಿಯ ಸಂತೆಯಲ್ಲಿ ಸಿಗುತ್ತದೆ ಎಂದು ಕೇಳಿದ್ದೆವು. ಆದರೆ ಆಚಾರ್ಯರ ಮಗ ಸಂತೆಯಲ್ಲಿ ನಿಂತು ಟಮಾಟಿ ಆರಿಸಿದರೆ, ಅವರಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು. ಇವರು ಅದಕ್ಕೊಂದು ಉಪಾಯ ಹುಡುಕಿದರು. ಹುಬ್ಬಳ್ಳಿಯಲ್ಲಿ ರೈಲ್ವೆ ಸಾಹೇಬರು ಹೋಗುವ ಅಂಗಡಿಯಲ್ಲಿ ಟಮಾಟಿ ಸಾಸಿನ ಬಾಟ್ಲಿ ಸಿಕ್ಕಿತು. ಕೆಡುವುದಿಲ್ಲ, ಯಾರಿಗೂ ಕಾಣುವುದಿಲ್ಲ, ಟಮಾಟಿಯ ಸತ್ವವೆಲ್ಲ ಇಳಿಸಿ ತುಂಬಿದ್ದಾರೆ ಎಂದರು. ಪೇಟೆಯಲ್ಲಿ ಒಂದು ಗಂಟು ಘೇವಡಾ ಕೂಡ ಕೊಂಡರು. ವಾಪಸು ಬರುವಾಗ ರೈಲಿನಲ್ಲಿ ನನ್ನ ಒಂದು ಮಗ್ಗುಲಲ್ಲಿ ಬಾಟ್ಲಿ, ಇನ್ನೊಂದು ಮಗ್ಗುಲಲ್ಲಿ ಕಾಳಿನ ಗಂಟು.

ಮರುದಿನ ಪಡಸಾಲೆಯಲ್ಲಿ ಎರಡನ್ನೂ ಒಂದು ಮಣೆಯ ಮೇಲಿಟ್ಟು ವಿಚಾರಣೆ ನಡೆಯಿತು. ನಾನು ಕೋಣೆಯ ಬಾಗಿಲ ಹಿಂದೆ ಮಲಗಿ ಕೇಳುತ್ತಿದ್ದೆ. ನಗು ಬರುತ್ತಿತ್ತು, ನಕ್ಕರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಾವನವರು ಒಂದು ಘೇವಡಾ ಕಾಳನ್ನು ನೀರಿನಲ್ಲಿ ನೆನೆಸಿಟ್ಟು ಉಗುರಿನಿಂದ ಒತ್ತಿದರು. ಅಚ್ಚುಕಟ್ಟಾಗಿ ಎರಡಾಯಿತು. ಇದಕ್ಕಿಂತ ಶುದ್ಧ ದ್ವಿದಳ ಲೋಕದಲ್ಲಿಲ್ಲ ಎಂದರು. ಆಮೇಲೆ ಬಾಟ್ಲಿಯನ್ನು ಬೆಳಕಿಗೆ ಹಿಡಿಯಲು ಹೇಳಿದರು, ತಾವು ಮುಟ್ಟಲಿಲ್ಲ. ಟಮಾಟಿಗೆ ಬೀಜ ಬಹಳ, ಆದ್ದರಿಂದ ಈ ತಿಂಗಳು ಅದೂ ನಿಷಿದ್ಧ. ಆದರೆ ಬಾಟ್ಲಿಯಲ್ಲಿ ಒಂದೂ ಬೀಜ ಕಾಣುವುದಿಲ್ಲ, ಸೋಸಿ ತೆಗೆದಿದ್ದಾರೆ. ಬೀಜವಿಲ್ಲದ ಮೇಲೆ ಬಹುಬೀಜ ಹೇಗಾಗುತ್ತದೆ? ಇನ್ನೂ ಒಂದು: ಕಾಳನ್ನು ನಮ್ಮ ಒಲೆಯ ಮೇಲೆ ಬೇಯಿಸಬೇಕು, ಅದು ಆಹಾರ. ಇದು ಸಿದ್ಧವಾಗಿ ಬಂದದ್ದು, ಬೂಚು ಹಾಕಿದೆ, ಚಮಚದಲ್ಲಿ ತೆಗೆದುಕೊಳ್ಳುವಂಥದ್ದು; ಆದ್ದರಿಂದ ಔಷಧ. ಔಷಧಕ್ಕೆ ವ್ರತ ಅಡ್ಡ ಬರುವುದಿಲ್ಲ. ಒಳಗೆ ಏನೇನು ಹಾಕಿದ್ದಾರೆ ಎಂದು ಕೇಳಿದಾಗ ಇವರು ಸಕ್ಕರೆ, ಮಸಾಲೆ ಎಂದಷ್ಟೇ ಹೇಳಿದರು. ಬೆಳ್ಳುಳ್ಳಿಯೂ ಇತ್ತೆಂದು ಬಹಳ ವರ್ಷಗಳ ಮೇಲೆ ನನ್ನ ಕಿವಿಯಲ್ಲಿ ಹೇಳಿದರು.

ಹೀಗೆ ಸಾಸು ಗೆದ್ದಿತು. ದೋಷ ಯಾವುದರಲ್ಲಿ ಕಡಿಮೆಯೋ ಪುಷ್ಟಿ ಅದರಲ್ಲೇ ಹೆಚ್ಚು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಹಾಗೆಯೇ ನಂಬಿದೆವು. ಅವೆರಡೂ ಬೇರೆ ಬೇರೆ ಪ್ರಶ್ನೆ ಎನ್ನುವುದು ನನಗೂ ಹೊಳೆಯಲಿಲ್ಲ. ಅದರ ಬಣ್ಣವಂತೂ ರಕ್ತದ್ದೇ. ಘೇವಡಾದ ಗಂಟು, ಚಾತುರ್ಮಾಸ ಮುಗಿಯುವ ಉತ್ಥಾನ ದ್ವಾದಶಿ ಕಳೆಯಲಿ ಎಂದು ಅಟ್ಟ ಹತ್ತಿತು. ಬಾಟ್ಲಿ ನನ್ನ ಕೋಣೆಯ ಗೂಡಿನಲ್ಲಿ ಕೂತಿತು.

ದಿನಾ ಮುಂಜಾನೆ, ಸಂಜೆ ಭೀಮಕ್ಕ ಹಳೆಯ ಚಮಚವೊಂದರಲ್ಲಿ ಅದನ್ನು ಬಗ್ಗಿಸಿ ಕೊಡುತ್ತಿದ್ದಳು. ಹುಳಿ, ಸಿಹಿ, ಖಾರ ಎಲ್ಲ ಒಟ್ಟಿಗೆ ನಾಲಗೆಯ ಹುಣ್ಣಿಗೆ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತ ನಿಂತಿರುತ್ತಿದ್ದರು. ಉರಿಯುತ್ತದೆ ಎಂದು ಹೇಗೆ ಹೇಳಲಿ? ಮಾವನವರು ಹೊಸ್ತಿಲಾಚೆ ನಿಂತು ಉಗುರು ಕೆಂಪಾಯಿತೇ ಎಂದು ಕೇಳುತ್ತಿದ್ದರು. ಇವರು ಆಯಿತು ಎನ್ನುತ್ತಿದ್ದರು. ಭೀಮಕ್ಕ ಮಾತ್ರ ನನ್ನ ಉಗುರನ್ನು ಹಿಡಿದು ನೋಡಿ ಬಿಡುತ್ತಿದ್ದಳು.

ದೀಪಾವಳಿ ಬಂತು. ಆರತಿಗೆ ಎದ್ದು ನಿಲ್ಲಲು ನನ್ನಿಂದ ಆಗಲಿಲ್ಲ. ಎದೆಯ ಹಾಲು ಇಳಿಯುತ್ತ ಬಂತು. ಕೂಸು ಎಳೆದು ಎಳೆದು ಸಿಗದೆ ಸಿಟ್ಟಿನಿಂದ ಅಳುತ್ತಿತ್ತು, ಭೀಮಕ್ಕ ಹತ್ತಿಯ ಬತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಚೀಪಿಸುತ್ತಿದ್ದಳು. ಸಾವಿನ ಹೆದರಿಕೆ ಹೇಗಿರುತ್ತದೆ ಎಂದು ಕೇಳಿದರೆ ನನ್ನದು ಬಹಳ ಸಣ್ಣದಾಗಿತ್ತು. ನಾನು ಹೋದರೆ ಈ ಕೂಸನ್ನೂ ಭೀಮಕ್ಕನೇ ಬೆಳೆಸಬೇಕು, ಪಾಪ, ಆಕೆಗೆ ಇನ್ನೆಷ್ಟು ಕೂಸುಗಳು ಎಂದು ಅಳು ಬರುತ್ತಿತ್ತು.

ಹಬ್ಬ ಮುಗಿದ ಕೂಡಲೇ ಮತ್ತೆ ಹುಬ್ಬಳ್ಳಿ. ಈ ಸಲ ಗಾಡಿಯಿಂದ ರೈಲಿಗೆ ಇವರು ನನ್ನನ್ನು ಎತ್ತಿಕೊಂಡೇ ಹೋದರು. ಜನರೆದುರಿಗೆ ಗಂಡ ಎತ್ತಿಕೊಂಡರೆ ನಾಚಬೇಕಿತ್ತು. ನಾಚುವ ಶಕ್ತಿಯೂ ಇರಲಿಲ್ಲ. ಡಾಕ್ಟರಬಾಯಿ ನೋಡಿದವರೇ ಏನು ತಿನ್ನಿಸಿದಿರಿ ಎಂದು ಕೇಳಿದರು. ಇವರು ಅಭಿಮಾನದಿಂದ ಬಾಟ್ಲಿಯ ವಿಷಯ ಹೇಳಿದರು. ಡಾಕ್ಟರಬಾಯಿ ನಗತೊಡಗಿದರು, ಅರ್ಧಕ್ಕೇ ನಿಲ್ಲಿಸಿದರು. ಇವರನ್ನು ಬಿಟ್ಟು ಭೀಮಕ್ಕನ ಕಡೆಗೇ ತಿರುಗಿದರು.

"ಅಜ್ಜಿ, ಅದು ಸಾಹೇಬ ಲೋಕ ರೊಟ್ಟಿ ಸಂಗಡ ನೆಕ್ಕೂದು. ಹುಳಿ ಮತ್ತ ಸಕ್ರಿ, ಬಾಯಿ ರುಚಿಗೆ. ಇಡೀ ಬಾಟ್ಲಿ ಕುಡಿಸಿದ್ರೂ ಒಂದು ಮುಷ್ಟಿ ಘೇವಡಾದಾಗ ಇದ್ದಷ್ಟು ಅದರಾಗ ಇಲ್ಲ. ಘೇವಡಾ ಕೊಟ್ರೇನು?"

ದ್ವಾದಶಿ ಹತ್ತಿರ ಬಂದಿದೆ, ಅದು ಕಳೆದ ಕೂಡಲೇ ಶುರುಮಾಡುತ್ತೇವೆ ಎಂದು ಇವರು ಹೇಳಿದರು. ಡಾಕ್ಟರಬಾಯಿಗೆ ದ್ವಾದಶಿ ಎಂದರೇನೆಂದು ಗೊತ್ತಿತ್ತು. ಅವರ ಮನೆಯಲ್ಲೂ ಇರುವ ಹಬ್ಬವೇ. "ಈ ಹುಡುಗಿ ದ್ವಾದಶಿ ಕಾಣತಾಳ ಅಂತ ನಾ ಹೇಳೂದಿಲ್ಲ" ಎಂದರು. ಮತ್ತೆ ನನ್ನ ನಾಲಗೆ ಹೊರಗೆ ಹಾಕಿಸಿ ಭೀಮಕ್ಕನಿಗೆ ತೋರಿಸಿದರು: ಹೀಗೆ ಕೆಂಪಗೆ, ನುಣ್ಣಗೆ ಆಗುವುದು, ಉರಿಯುವುದು, ತಲೆ ತಿರುಗುವುದು, ನಡೆದರೆ ಏದುಸಿರು, ಇವೇ ಈ ರೋಗದ ಗುರುತು, ಇನ್ನು ಮುಂದೆ ಯಾರಲ್ಲಿ ಕಂಡರೂ ಕಾಯುತ್ತ ಕೂಡಬೇಡಿ ಎಂದರು.

ವಾಪಸು ರೈಲಿನಲ್ಲಿ ಇವರು ಕೂಸನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ನಾನು ಭೀಮಕ್ಕನ ಭುಜಕ್ಕೆ ಒರಗಿದ್ದೆ. ಆಕೆ ಬಹಳ ಹೊತ್ತು ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕೂತಿದ್ದು, ನನ್ನ ಹೆಸರು ಹಿಡಿದು ಮೆಲ್ಲಗೆ ಕೇಳಿದಳು.

"ಇಂದೂ, ನಾಲಗಿ ಉರಿಯೂದು ರೋಗ ಏನ?"

ಹೌದಂತಲ್ಲ ಎಂದೆ.

"ನನ್ನದೂ ಉರೀತದ. ಎಲ್ಲಾರದೂ ಉರೀತಿರಬೇಕು ಅಂದ್ಕೊಂಡಿದ್ದೆ."

ನನಗೆ ಆಸ್ಪತ್ರೆಯ ಕಂಬ ನೆನಪಾಯಿತು, ಅಟ್ಟದ ಏಣಿ ಹತ್ತಿ ಇಳಿದ ಮೇಲೆ ಆಕೆ ಗೋಡೆಗೆ ಕೈಯೂರಿ ನಿಲ್ಲುತ್ತಿದ್ದದ್ದು ನೆನಪಾಯಿತು. ವಯಸ್ಸು ಎಂದುಕೊಂಡಿದ್ದೆವು. ಆಕೆ ನೋಡಿದ ಚಾತುರ್ಮಾಸಗಳು ಎಷ್ಟಿರಬಹುದು ಎಂದು ಎಣಿಸುತ್ತ ಕೂತೆ.

ಮನೆಯಲ್ಲಿ ಮಾವನವರು ವಿಷಯ ಕೇಳಿ ಕಂಗಾಲಾದರು. ಔಷಧವೆಂದು ತಾವೇ ತೀರ್ಪು ಕೊಟ್ಟದ್ದು ತಪ್ಪಾಯಿತಲ್ಲ ಎಂದು ಕೈ ಹಿಸುಕಿಕೊಂಡರು. ಈಗ ಕಾಳನ್ನು ಹೇಗೆ ಒಪ್ಪಿಸಬೇಕು, ಯಾರು ಬೇಯಿಸಬೇಕು, ಯಾವ ಒಲೆ, ಇದಕ್ಕೆಲ್ಲ ಆಧಾರ ಬೇಕು ಎಂದು ಪುಸ್ತಕಗಳ ಗಂಟು ಬಿಚ್ಚಿ ಕೂತರು. ಅವರು ಕೆಟ್ಟವರಲ್ಲ. ಸೊಸೆ ಬದುಕಲಿ ಎಂದೇ ಹುಡುಕುತ್ತಿದ್ದರು. ಹುಡುಕದೆ ಒಂದು ಹೆಜ್ಜೆ ಇಡುವುದು ಅವರಿಗೆ ಗೊತ್ತಿರಲಿಲ್ಲ.

ಭೀಮಕ್ಕ ಕಾಯಲಿಲ್ಲ. ಮರುದಿನ ಬಿಸಿಲು ಏರುವ ಹೊತ್ತಿಗೆ ಹಿತ್ತಲಿನಿಂದ ಹೊಗೆ ಬಂತು. ಹಾಸಿಗೆಯಿಂದ ಎದ್ದು ಗೋಡೆ ಹಿಡಿದುಕೊಂಡು ಹೋಗಿ ನೋಡಿದರೆ, ಬಾವಿಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ, ಮಣ್ಣಿನ ಗಡಿಗೆಯಲ್ಲಿ ಘೇವಡಾ ಕುದಿಸುತ್ತಿದ್ದಳು. ಬಂದ ರಾತ್ರಿಯೇ ಅಟ್ಟದಿಂದ ಇಳಿಸಿ ನೆನೆಹಾಕಿದ್ದಳು. ಮಡಿ ಸೀರೆ ಉಟ್ಟಿರಲಿಲ್ಲ. ಕಟ್ಟಿಗೆಯ ಹೊಗೆಗೆ ಕಣ್ಣು ಕೆಂಪಾಗಿತ್ತು. ನನ್ನನ್ನು ಕಲ್ಲಿನ ಮೇಲೆ ಕೂಡಿಸಿ, ಕಾಳನ್ನು ಬಟ್ಟಲಿಗೆ ಹಾಕಿ ಹಿಸುಕಿ, ತುಪ್ಪ ಹಾಕಿ ಮುಂದಿಟ್ಟಳು.

ಆ ವಾಸನೆಗೆ ನನಗೆ ಹಸಿವಾಯಿತು. ತಿಂಗಳಿಂದ ಕಾಣದ ಹಸಿವು ಅದು. ಆದರೂ ಬಟ್ಟಲನ್ನು ಆಕೆಯ ಕಡೆಗೆ ಸರಿಸಿದೆ.

"ನೀವು ತಿಂದ್ರ ನಾ ತಿಂತೇನಿ."

ಹುಚ್ಚಿಯ ಹಾಗೆ ಮಾತಾಡಬೇಡ ಎಂದಳು. ಬೇಯಿಸಿದ್ದು ನಿನಗಾಗಿ, ಆ ಪಾಪ ಬಂದರೆ ನನಗಿರಲಿ, ಆದರೆ ಕಾರ್ತಿಕದಲ್ಲಿ ದ್ವಿದಳ ಬಾಯಿಗಿಟ್ಟವಳಲ್ಲ ನಾನು, ಈ ವಯಸ್ಸಿನಲ್ಲಿ ಶುರುಮಾಡುವುದಿಲ್ಲ ಎಂದಳು. ನಾಲಗೆ ಉರಿಯುತ್ತದೆ ಎಂದಿರಲ್ಲ ಎಂದೆ.

"ಉರೀಲಿ ಬಿಡು. ನಂಗೇನು ಹಾಲು ಕುಡಿಯೋ ಕೂಸು ಅದ ಏನು? ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ನೀ ತಿನ್ನು ನಮ್ಮವ್ವ."

ಇದನ್ನು ಆಕೆ ದುಃಖದಿಂದ ಹೇಳಲಿಲ್ಲ. ನಾಳೆ ನೀರು ಬರುವುದಿಲ್ಲ, ಇವತ್ತೇ ತುಂಬಿಡು ಎಂದ ಹಾಗೆ ಹೇಳಿದಳು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಳುತ್ತಲೇ ಬಟ್ಟಲನ್ನು ಇನ್ನಷ್ಟು ದೂರ ಸರಿಸಿದೆ.

ಆ ಹೊತ್ತಿಗೆ ಮಾವನವರು ಹಿತ್ತಲ ಬಾಗಿಲಿಗೆ ಬಂದರು. ಅವರಿಗೆ ಆಧಾರ ಸಿಕ್ಕಿತ್ತು, ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ಒಲೆ, ಗಡಿಗೆ ಎಲ್ಲವನ್ನೂ ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಹೇಳಿದರು: "ತಿನ್ನಲಿ ಅಕ್ಕಾ, ದೋಷ ಇಲ್ಲ. ಬ್ಯಾನಿ ಬಿದ್ದವರಿಗೆ ವ್ರತ ಇಲ್ಲ."

ಮದುವೆಯಾಗಿ ಬಂದ ಮೇಲೆ ನಾನು ಮಾವನವರ ಎದುರಿಗೆ ನಿಂತು ಮಾತಾಡಿದವಳಲ್ಲ. ಹೇಳುವುದಿದ್ದರೆ ಬಾಗಿಲ ಮರೆಯಿಂದ, ಭೀಮಕ್ಕನ ಮೂಲಕ. ಅಂದು ಸೆರಗು ಹೊದ್ದುಕೊಂಡು, ತಲೆ ತಗ್ಗಿಸಿಯೇ ನೇರವಾಗಿ ಹೇಳಿದೆ. "ಹಂಗಾದ್ರ ಭೀಮಕ್ಕಗೂ ಇಲ್ಲಲ್ಲರಿ."

ಆಕೆಗೇನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ, ಹುಡುಗಿಗೆ ತಲೆ ಕೆಟ್ಟಿದೆ ಎಂದು ಭೀಮಕ್ಕ ಒಲೆಯ ಕಟ್ಟಿಗೆ ಸರಿಮಾಡತೊಡಗಿದಳು. ಅವರ ನಾಲಗೆ ನೋಡಿ ಎಂದೆ. ಮಾವನವರು ಹತ್ತಿರ ಬಂದರು. "ಅಕ್ಕಾ, ತೋರಸು" ಎಂದರು. ಆಕೆ ಮುಖ ತಿರುಗಿಸಿದಳು. ಅವರು ಹೋಗಲಿಲ್ಲ, ಅಲ್ಲೇ ನಿಂತರು. ಕೊನೆಗೆ ಆಕೆ ತಮ್ಮನ ಕಡೆ ತಿರುಗಿ, ಕಣ್ಣು ಮುಚ್ಚಿ, ನಾಲಗೆ ಹೊರಗೆ ಹಾಕಿದಳು. ನನ್ನದರ ಹಾಗೆಯೇ ಇತ್ತು. ನನ್ನದಕ್ಕಿಂತ ಹೆಚ್ಚು ಕೆಂಪಗೆ, ಅಂಚಿನಲ್ಲಿ ಸೀಳು ಬಿಟ್ಟು, ಮೇಲೆಲ್ಲ ಉಜ್ಜಿದ ಹಾಗೆ ನುಣ್ಣಗೆ.

ಎಂದಿನಿಂದ ಎಂದು ಮಾವನವರು ಕೇಳಿದರು.

"ಯಾರಿಗ್ಗೊತ್ತು ರಾಘೂ. ನಿನ್ನ ಮುಂಜಿವಿ ಮುಂದನೂ ಉರೀತಿತ್ತು. ಒಪ್ಪತ್ತು ಉಣ್ಣೋರಿಗೆ ಹಿಂಗೇ ಇರತದ ಅಂತ ತಿಳ್ಕೊಂಡಿದ್ದೆ."

ಮಾವನವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಬುದ್ಧಿ ತಿಳಿದಾಗಿನಿಂದ ಆಕೆಯ ಕೈಯ ಅಡಿಗೆ ಉಂಡವರು. ಆಕೆ ಏನು ಉಣ್ಣುತ್ತಾಳೆ ಎಂದು ಒಂದು ದಿನ ತಿರುಗಿ ನೋಡಿದವರಲ್ಲ. ನೋಡುವುದು ಪದ್ಧತಿಯೂ ಅಲ್ಲ, ಎಲ್ಲರದೂ ಆದ ಮೇಲೆ ಆಕೆ ಒಳಗೆ ಒಬ್ಬಳೇ ಉಣ್ಣುವಾಕೆ. ಆಮೇಲೆ ನನ್ನ ಕಡೆ ನೋಡದೆ, ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು.

"ಇಂದೂ, ಬಡಸು ಆಕಿಗೆ."

ಬಾಣಂತಿಯ ಕೈಯಿಂದ ಮಡಿ ಹೆಂಗಸಿಗೆ ಬಡಿಸುವುದು ಆ ಮನೆಯಲ್ಲಿ ನಡೆದದ್ದು ಅದೇ ಮೊದಲು. ಅರ್ಧ ಕಾಳು ನೆಲಕ್ಕೆ ಬಿತ್ತು. ಆಕೆ ಬೇಡ ಎನ್ನಲಿಲ್ಲ. ತಮ್ಮನೇ ಎದುರಿಗೆ ಕೂತಿದ್ದಾನೆ ಎಂದೋ, ಸಾಕಾಗಿತ್ತೋ, ನನಗೆ ತಿಳಿಯದು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಆ ಮೂರು ಕಲ್ಲಿನ ಒಲೆ ದ್ವಾದಶಿ ಕಳೆದ ಮೇಲೆ ಒಳಗೆ ಬಂತು, ಘೇವಡಾ ಮನೆಯ ದಿನದ ಅಡಿಗೆಯಾಯಿತು. ಮೊದಲು ನಾಲಗೆಯ ಉರಿ ಇಳಿಯಿತು, ಆಮೇಲೆ ಕಾಲಿನ ಬಾವು. ಸಂಕ್ರಾಂತಿಯ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಅಂಗಳ ಸುತ್ತುವಷ್ಟಾದೆ, ನನ್ನ ಕಪ್ಪು ಬಣ್ಣವೂ ತಿರುಗಿ ಬಂತು. ಭೀಮಕ್ಕ ಗುಣವಾಗಲು ಹೆಚ್ಚು ತಿಂಗಳು ಹಿಡಿಯಿತು, ಆದರೆ ಗುಣವಾದಳು. ನನ್ನ ಮಗನ ಮುಂಜಿವೆಗೆ ಎಲ್ಲರಿಗಿಂತ ಹೆಚ್ಚು ಓಡಾಡಿದವಳು ಆಕೆಯೇ.

ಆದರೆ ನನಗೆ ಹಿತವಾಗಿ ನೆನಪಿರುವುದು ಆ ಮೊದಲ ದಿನ. ಬಾವಿಯ ಪಕ್ಕದಲ್ಲಿ ಇಬ್ಬರೂ ಎದುರುಬದುರು ಕೂತಿದ್ದೆವು, ನಡುವೆ ಒಂದೇ ಗಡಿಗೆ. ಆಕೆ ಮೊದಲ ತುತ್ತು ಬಾಯಿಗಿಟ್ಟು, ಉರಿಗೆ ಹೆದರಿ ಮೆಲ್ಲಗೆ ಆಡಿಸಿದಳು. ಘೇವಡಾ ಬೆಣ್ಣೆಯ ಹಾಗೆ ಬೆಂದಿತ್ತು, ಉರಿಯಲಿಲ್ಲ. ಎರಡನೆಯ ತುತ್ತು ನುಂಗಿದಳು. ನೈವೇದ್ಯಕ್ಕೆ ಮೊದಲು ರುಚಿ ನೋಡದೆ ಜೀವನವಿಡೀ ಅಡಿಗೆ ಮಾಡಿದವಳು. ತನ್ನ ಅಡಿಗೆಯ ಬಗ್ಗೆ ಆಕೆ ಒಂದು ಮಾತು ಆಡಿದ್ದನ್ನು ನಾನು ಕೇಳಿದವಳಲ್ಲ. ಮೂರನೆಯದಕ್ಕೆ ಕೈ ನಿಲ್ಲಿಸಿ, ಉಪ್ಪು ಕಡಿಮೆಯಾಗಿದೆ ಎಂದಳು.

ನಾನು ಏಳಲು ಹೋದೆ. ಬಾಣಂತಿ ಅಡಿಗೆಮನೆಗೆ ಹೋಗುವ ಹಾಗಿಲ್ಲ. ಆಕೆ ಏಳಲು ಹೋದಳು. ಕೂಡು ಎಂದು ಕೈಸನ್ನೆ ಮಾಡಿ ಮಾವನವರೇ ಎದ್ದು ಒಳಗೆ ಹೋದರು. ನಾವು ಕಾಯುತ್ತ ಕೂತೆವು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿಸಿತು, ಏನೋ ಉರುಳಿತು, ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ ಅವರ ದನಿ ಬಂತು.

"ಅಕ್ಕಾ, ನಮ್ಮನ್ಯಾಗ ಉಪ್ಪು ಎಲ್ಲಿರತದ?"